ಸಂಜೆ ಐದರ ಒತಿಲಿಯಾ

ಒತಿಲಿಯಾ ಬುಧವಾರ ಬೆಳಿಗ್ಗೆ ಸತ್ತಳು. ಅದೇ ಸಂಜೆ ಐದು ಗಂಟೆಗೆ ಟೀವಿಯಲ್ಲಿ ಮಾತಾಡಿದಳು. ಗುರುವಾರ ಮಧ್ಯಾಹ್ನ ಅವಳ ಮೇಲೆ ಮಣ್ಣು ಹಾಕಿ ಜನ ಮನೆಗೆ ಬಂದು ಕೂತರೆ, ಐದಕ್ಕೆ ಸರಿಯಾಗಿ ಮತ್ತೆ ಬಂದಳು. ನಕ್ಕಳು, ಒಂದು ಸೀಲ್ ಪ್ರಾಣಿಯನ್ನು ಬೈದಳು, ಹಸಿವಾಗ್ತಿದೆ ಅಂದಳು.

ಇದರಲ್ಲಿ ದೆವ್ವ ಗಿವ್ವ ಏನಿಲ್ಲ, ಕಸುಬು ಅಷ್ಟೆ. ಜಪಾನಿನಿಂದ ಬಂದ ಐವತ್ತೆರಡು ಕಂತಿನ ಕಾರ್ಟೂನು ಅದು, ಶನಿವಾರ ಭಾನುವಾರ ಬಿಟ್ಟು ದಿನವೂ ಸಂಜೆ ಐದಕ್ಕೆ ಬರುತ್ತಿತ್ತು. ಹಿಮದ ಸಮುದ್ರದಲ್ಲಿ ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ಹೊರಟ ನೀಲೋ ಎಂಬ ಹತ್ತು ವರ್ಷದ ಹುಡುಗನ ಕಥೆ. ಹುಡುಗನ ಬಾಯಿ ಜಪಾನಿನದು, ದನಿ ಒತಿಲಿಯಾಳದು. ಗಂಡು ಹುಡುಗರಿಗೆ ದನಿ ಕೊಡುವವರು ಹೆಂಗಸರೇ. ನಿಜವಾದ ಹುಡುಗನನ್ನು ತಂದು ನಿಲ್ಲಿಸಿದರೆ ಸರಣಿ ಅರ್ಧಕ್ಕೆ ಬರುವಷ್ಟರಲ್ಲಿ ಅವನ ಗಂಟಲು ಒಡೆದು ಗಂಡಸಾಗಿರುತ್ತಾನೆ. ಅವಳು ಸತ್ತ ದಿನ ಟೀವಿಯಲ್ಲಿ ಹತ್ತೊಂಬತ್ತನೇ ಕಂತು ಬಂತು. ಸ್ಟುಡಿಯೋದಲ್ಲಿ ನಲವತ್ತರ ತನಕ ಮಾತು ತುಂಬಿಸಿಟ್ಟಿದ್ದರು. ಅಂದರೆ ಆ ಸಂಜೆ ಕಳೆದ ಮೇಲೂ ಅವಳ ಮಾತು ಇನ್ನೂ ಇಪ್ಪತ್ತೊಂದು ಸಂಜೆಗಳಷ್ಟು ಬಾಕಿ ಇತ್ತು.

ಸ್ಟುಡಿಯೋ ಅಂದರೆ ಮೆಕ್ಸಿಕೋ ನಗರದ ಒಂದು ಹಳೇ ಹಿಟ್ಟಿನ ಗೋದಾಮು. ಗೋಡೆಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿ ಸದ್ದು ಅಡಗಿಸಿದ ಒಂದು ಕೋಣೆ, ನಡುವೆ ಒಂದೇ ಮೈಕು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಹಾಗೆ ಲೋಕದ ಮೂಲೆಮೂಲೆಯ ಗೊಂಬೆಗಳೆಲ್ಲ ತಗಡಿನ ಡಬ್ಬಿಗಳಲ್ಲಿ ಕೂತು ಅಲ್ಲಿಗೆ ಬರತೊಡಗಿದ್ದವು: ಹಂಗೇರಿಯ ಇಲಿ, ಪೋಲೆಂಡಿನ ಮೊದ್ದು ರಾಜಕುಮಾರ, ಜಪಾನಿನ ಕಬ್ಬಿಣದ ದೈತ್ಯರು, ಕೆನಡಾದ ಕರಡಿ. ಇಲಿ, ರಾಜಕುಮಾರ, ದೈತ್ಯನ ತಂಗಿ, ಎಲ್ಲರೂ ಒತಿಲಿಯಾಳ ಗಂಟಲೊಳಗಿಂದಲೇ ಹೊರಬೀಳಬೇಕಿತ್ತು. ಅಲ್ಲಿಂದ ಸ್ಪ್ಯಾನಿಷ್ ಮಾತಾಡುವ ಹನ್ನೊಂದು ದೇಶದ ಮಕ್ಕಳ ಕಿವಿಗೆ. ಆ ಹನ್ನೊಂದು ದೇಶದಲ್ಲಿ ಅವಳ ಹೆಸರು ಗೊತ್ತಿದ್ದ ಒಂದು ನಾಯಿಯೂ ಇರಲಿಲ್ಲ. ಹೆಸರು ಬರಬೇಕಾದ ಜಾಗದಲ್ಲಿ ಮಾಲೀಕ ದೋನ್ ಅಬುಂದಿಯೋ ತನ್ನ ಕಂಪನಿಯ ಮುದ್ರೆ ಹಾಕಿಸುತ್ತಿದ್ದ. ಯಾರಾದರೂ ಕೇಳಿದರೆ, ಮಕ್ಕಳಿಗೆ ಓದಲು ಬರುವುದಿಲ್ಲವಲ್ಲ ಅನ್ನುತ್ತಿದ್ದ.

ಜನವರಿಯ ಚಳಿಯಲ್ಲಿ ಒತಿಲಿಯಾಳಿಗೆ ಕೆಮ್ಮು ಹಿಡಿಯಿತು. ಎರಡು ವಾರ ಮನೆಯಲ್ಲಿರುತ್ತೇನೆ ಅಂದಳು. ಹುಡುಗ ಹೇಗೂ ಮಂಜುಗಡ್ಡೆಯ ಮೇಲೆ ಇದ್ದಾನೆ, ದನಿ ಒಂದಿಷ್ಟು ಕಟ್ಟಿಕೊಂಡರೆ ಒಳ್ಳೆಯದೇ ಎಂದು ದೋನ್ ಅಬುಂದಿಯೋ ನಕ್ಕ. ಅವನ ಕೋಣೆಯಲ್ಲಿ ಹೀಟರ್ ಇತ್ತು. ಮೈಕಿನ ಕೋಣೆಯಲ್ಲಿ ಇರಲಿಲ್ಲ. ಹಾಕಿದರೆ ಅದರ ಗುಂಯ್ ಸದ್ದು ರೆಕಾರ್ಡ್ ಆಗುತ್ತದಂತೆ. ಫೆಬ್ರವರಿಯ ನಡುವಿಗೆ ಅವಳನ್ನು ಆಸ್ಪತ್ರೆಗೆ ಒಯ್ದರು. ಅವಳಮ್ಮ, ಎಲ್ಲರೂ ಮರ್ಯಾದೆಯಿಂದ ದೋನ್ಯಾ ಅನ್ನುವ ಹಸಿಂತಾ, ಹೊದೆಯಲು ಕಂಬಳಿ ತರುತ್ತೇನೆಂದು ಮನೆಗೆ ಹೋಗಿ ಎರಡು ಬಸ್ಸು ಬದಲಾಯಿಸಿ ವಾಪಸು ಬರುವಷ್ಟರಲ್ಲಿ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಮಗಳು ಕೊನೆಗೆ ಏನು ಹೇಳಿದಳು ಎಂದು ಆ ತಾಯಿ ದಾದಿಯರನ್ನೆಲ್ಲ ಕೇಳಿದಳು. ಯಾರೂ ಕೇಳಿಸಿಕೊಂಡಿರಲಿಲ್ಲ.

ಶುಕ್ರವಾರ, ಅಂದರೆ ಮಣ್ಣು ಮಾಡಿದ ಮಾರನೇ ದಿನ, ದೋನ್ ಅಬುಂದಿಯೋ ದೆಲ್ಫಿನಾಳನ್ನು ಕರೆಸಿದ. ದೆಲ್ಫಿನಾಳಿಗೆ ಮೂವತ್ತೊಂದು. ಒಂಬತ್ತು ವರ್ಷ ಒತಿಲಿಯಾಳ ಪಕ್ಕದಲ್ಲಿ, ಅದೇ ಮೈಕಿಗೆ, ಭುಜಕ್ಕೆ ಭುಜ ತಾಗಿಸಿ ನಿಂತವಳು. ಮುದುಕಿಯರು, ಹಕ್ಕಿಗಳು, ಅಂಗಡಿಯ ಹೆಂಗಸು, ಹೆಸರಿಲ್ಲದವರೆಲ್ಲ ಅವಳ ಪಾಲು. ಕೆಲಸವಿಲ್ಲದ ಹೊತ್ತಲ್ಲಿ ಒತಿಲಿಯಾಳ ದನಿಯನ್ನೇ ಎತ್ತಿ ಅವಳ ಮುಂದೆಯೇ ಆಡಿ ತೋರಿಸಿ ನಗಿಸುತ್ತಿದ್ದವಳು.

"ನೋಡಮ್ಮ," ಅಂದ ಮಾಲೀಕ, ತುಂಬಾ ಮೆತ್ತಗೆ. "ಐವತ್ತೆರಡನೇ ಕಂತಿನ ತನಕ ಒತಿಲಿಯಾ ಸಾಯೋ ಹಾಗಿಲ್ಲ. ಮೊದಲಿಂದ ಕೊನೇವರೆಗೂ ಒಂದೇ ದನಿ ಅಂತ ಹನ್ನೊಂದು ಕಡೆ ಬರ್ಕೊಟ್ಟಿದೀನಿ. ನೀನು ತಮಾಷೆಗೆ ಮಾಡ್ತಿದ್ಯಲ್ಲ, ಅದನ್ನೇ ಇನ್ನು ಮುಂದೆ ಮಾಡು."

ಯಾವ ಕಂತಿನಿಂದ ದನಿ ಬದಲಾಯಿತು ಎಂಬುದು ಈ ಗೋಡೆ ದಾಟಕೂಡದು, ದಾಟಿದರೆ ದೆಲ್ಫಿನಾಳೂ ಅದರ ಹಿಂದೆಯೇ ದಾಟಿ ಹೋಗಬಹುದು ಎಂದೂ ಹೇಳಿದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು ಅವಳಿಗೆ. ಉಗಿಯಲಿಲ್ಲ. ಉಗಿಯದೆ ಉಳಿದವರೇ ಆ ಗೋದಾಮಿನಲ್ಲಿ ಕೆಲಸಕ್ಕಿದ್ದರು.

ಸೋಮವಾರ ಅಳುವ ದಿನ. ಈ ಕಸುಬಿನಲ್ಲಿ ಅಳುವುದಕ್ಕೆ ಬೇರೆಯೇ ದಿನ ಇರುತ್ತದೆ. ಸಿನಿಮಾ ಸುರುಳಿಯನ್ನು ಸಣ್ಣಸಣ್ಣ ತುಣುಕು ಮಾಡಿ, ಪ್ರತಿ ತುಣುಕಿನ ತಲೆಯನ್ನು ಬಾಲಕ್ಕೆ ಅಂಟಿಸಿ ಬಳೆಯ ಹಾಗೆ ತಿರುಗಲು ಬಿಡುತ್ತಾರೆ. ಪರದೆಯ ಮೇಲೆ ಅದೇ ಅರ್ಧ ನಿಮಿಷ ಮತ್ತೆ ಮತ್ತೆ ಬರುತ್ತದೆ. ಬಾಯಿಗೆ ಮಾತು ಕೂರುವ ತನಕ ಬರುತ್ತಲೇ ಇರುತ್ತದೆ. ಮಾತಿನ ತುಣುಕುಗಳನ್ನು ಮೊದಲು ಮುಗಿಸುತ್ತಾರೆ. ಕಿರುಚು, ಬಿಕ್ಕು, ಏದುಸಿರು, ಅಳು ಇವನ್ನೆಲ್ಲ ಏಳೆಂಟು ಕಂತಿನಿಂದ ಒಟ್ಟು ಮಾಡಿ ಒಂದೇ ದಿನ ತೆಗೆಯುತ್ತಾರೆ. ಒಂದು ಗಂಟೆ ಅತ್ತ ಗಂಟಲು ಆಮೇಲೆ ಎರಡು ದಿನ ಮಾತಿಗೆ ಬರುವುದಿಲ್ಲವಲ್ಲ, ಅದಕ್ಕೆ. ಒತಿಲಿಯಾ ಮಾತು ಮುಗಿಸಿ, ಅಳುವ ದಿನ ಬರುವ ಮೊದಲೇ ಹೋಗಿಬಿಟ್ಟಿದ್ದಳು.

ಹಾಗಾಗಿ ದೆಲ್ಫಿನಾ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರ ತನಕ ಒತಿಲಿಯಾಳ ದನಿಯಲ್ಲಿ ಅತ್ತಳು. ತುಣುಕುಗಳಿಗೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಹುಡುಗನ ಮುಖ ತುಂಬ ನೀರು, ಬಾಯಿ ತೆರೆಯುತ್ತದೆ, ಅಳಬೇಕು. ಯಾಕೆ ಅಳುತ್ತಾನೆ, ಯಾರಿಗೆ ಅಳುತ್ತಾನೆ, ಯಾವ ಕಂತು, ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಹೊತ್ತು ಹೋದ ಹಾಗೆ ಅವಳು ನಟಿಸುವುದನ್ನು ಬಿಟ್ಟಳು. ಒಂದು ತುಣುಕಿನಲ್ಲಿ ಹುಡುಗನ ಬಾಯಿ ಮುಚ್ಚಿದ ಮೇಲೂ ಅವಳ ಅಳು ನಿಲ್ಲಲಿಲ್ಲ. ಗಾಜಿನ ಆಚೆ ಕೂತಿದ್ದ ಫಿದೆನ್ಸಿಯೋ ಯಂತ್ರ ನಿಲ್ಲಿಸಿದ. ಅವನು ಧ್ವನಿಯ ಕೆಲಸದವನು, ಇಪ್ಪತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತು ಸೊಂಟ ಬಾಗಿದವನು. ನೀರು ತಂದು ಕೊಟ್ಟು, ಇದನ್ನೇ ಇಟ್ಟುಕೊಳ್ಳುತ್ತೇನೆ, ಇಂಥದು ಇನ್ನೊಂದು ಸಿಕ್ಕುವುದಿಲ್ಲ ಅಂದ. ಸಾಯಂಕಾಲ ಅವಳಿಗೆ ಅದನ್ನು ಹಾಕಿ ಕೇಳಿಸಿದಾಗ ಆ ಅಳುವಿನಲ್ಲಿ ತಾನು ಎಲ್ಲಿದ್ದೇನೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಫಿದೆನ್ಸಿಯೋ ಕಿವಿಯ ಹೆಡ್‌ಫೋನು ತೆಗೆದಿಟ್ಟು ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಂಡ.

"ನಿನ್ ಗಂಟಲಿಗೆ ಬಾಡಿಗೆಗೆ ಬಂದಿದಾಳೆ ಕಣೇ," ಅಂದ. "ಖಾಲಿ ಮಾಡಿಸೋದು ಕಷ್ಟ."

ಅಲ್ಲಿಂದ ಅವಳು ದಿನವೂ ನಲವತ್ತೊಂದು, ನಲವತ್ತೆರಡು ಅಂತ ಮುಂದಿನ ಕಂತುಗಳನ್ನು ಒತಿಲಿಯಾಳ ದನಿಯಲ್ಲಿ ಆಡುತ್ತ ಹೋದಳು. ದನಿ ಸ್ಟುಡಿಯೋದ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ, ಹೊರಗೂ ಬರುತ್ತಿತ್ತು. ಮೂಲೆಯ ಬೇಕರಿಯಲ್ಲಿ ಎರಡು ಸಿಹಿ ಬನ್ನು ಕೇಳಿದಾಗ ಅಂಗಡಿಯವಳು ತಲೆ ಎತ್ತದೆಯೇ ಅಮ್ಮ ಹೇಗಿದಾರೆ ಎಂದು ಕೇಳಿದಳು. ಆಮೇಲೆ ತಲೆ ಎತ್ತಿ, ಬನ್ನಿನ ಇಕ್ಕಳ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟಳು. ದೆಲ್ಫಿನಾ ಆ ಬೇಕರಿಗೆ ಹೋಗುವುದನ್ನು ಬಿಟ್ಟಳು. ಬಸ್ಸಿನಲ್ಲಿ ಬೆರಳು ತೋರಿಸಿ ಟಿಕೇಟು ಕೊಳ್ಳತೊಡಗಿದಳು. ಮನೆಯಲ್ಲಿ ಒಬ್ಬಳೇ ಇದ್ದಾಗ ತನ್ನ ಹೆಸರನ್ನು ತಾನೇ ಹೇಳಿ ನೋಡಿದಳು. ಒತಿಲಿಯಾ ಕರೆದ ಹಾಗೆ ಕೇಳಿಸಿತು.

ದೋನ್ಯಾ ಹಸಿಂತಾಳ ಮನೆ ಸಾಂತಾ ಮರಿಯಾ ಬಡಾವಣೆಯ ಒಂದು ವಠಾರದಲ್ಲಿ. ನಡುವೆ ಅಂಗಳ, ಸುತ್ತ ಹದಿನಾಲ್ಕು ಬಾಗಿಲು. ಅವಳದು ಒಂದೇ ಕೋಣೆ, ಹಿಂದೆ ಒಲೆ. ಶವಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ, ನೆಲದ ಮೇಲೆ, ರೂಢಿಯ ಪ್ರಕಾರ ಸುಣ್ಣದ ಪುಡಿಯಿಂದ ಶಿಲುಬೆ ಬರೆದಿದ್ದರು. ಒಂಬತ್ತು ಸಂಜೆ ಅದರ ಸುತ್ತ ಕೂತು ಜಪಸರ ಹಿಡಿದು ಪ್ರಾರ್ಥನೆ ಮಾಡಬೇಕು. ಒಂಬತ್ತನೇ ದಿನ ತಲೆಯ ಕಡೆಯಿಂದ ಶುರು ಮಾಡಿ ಸುಣ್ಣವನ್ನು ಬಾಚಿ ಪೆಟ್ಟಿಗೆಗೆ ತುಂಬಿ ಗೋರಿಗೆ ಒಯ್ಯಬೇಕು. ಶಿಲುಬೆ ಎತ್ತಿದ ಮೇಲೆ ಸತ್ತವರು ಆ ಮನೆಯವರಲ್ಲ. ಅವರಿಗೆ ದಾರಿ ಬಿಟ್ಟಾಯಿತು.

ಒಂಬತ್ತನೇ ಸಂಜೆ, ಶನಿವಾರ, ದೆಲ್ಫಿನಾಳೂ ಹೋಗಿದ್ದಳು. ಪ್ರಾರ್ಥನೆ ಹೇಳಿಕೊಡುವ ತ್ರಾನ್ಸಿತೋ ಎಂಬ ಗಟ್ಟಿ ಗಂಟಲಿನ ಹೆಂಗಸು ಮೊಣಕಾಲೂರಿ, ಇನ್ನೇನು ತಲೆಯ ಸುಣ್ಣಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ದೋನ್ಯಾ ಹಸಿಂತಾ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಬೇಡ. ಅವಳಿನ್ನೂ ಹೋಗಿಲ್ಲ."

ತ್ರಾನ್ಸಿತೋ ಮೊದಲು ಸಮಾಧಾನ ಹೇಳಿದಳು, ಆಮೇಲೆ ಬೈದಳು. ಒಂಬತ್ತು ದಿನ ಅಂದರೆ ಒಂಬತ್ತು ದಿನ, ಸ್ವರ್ಗದ ಬಾಗಿಲಿಗೇನು ನಿಮ್ಮನೆ ಗಡಿಯಾರ ಕಟ್ಟಿಲ್ಲ ಅಂದಳು. ಮುದುಕಿ ಕೈ ಬಿಡಲಿಲ್ಲ.

"ನಿನ್ನೆ ಐದು ಗಂಟೆಗೆ ಮಾತಾಡಿದಾಳೆ. ಸೋಮವಾರ ಐದಕ್ಕೆ ಮತ್ತೆ ಮಾತಾಡ್ತಾಳೆ. ಮಾತಾಡ್ತಾ ಇರೋಳನ್ನ ಮನೆಯಿಂದ ಹೇಗೆ ಕಳಿಸ್ಲಿ ತ್ರಾನ್ಸಿತೋ? ನೀನಾದ್ರೆ ಕಳಿಸ್ತೀಯಾ?"

 ಆಮೇಲೆ ಮುದುಕಿ ಗೋಡೆಗೆ ಒರಗಿ ನಿಂತಿದ್ದ ದೆಲ್ಫಿನಾಳ ಕಡೆ ತಿರುಗಿದಳು.

"ನೀನು ಅವಳ ಪಕ್ಕದಲ್ಲೇ ನಿಂತಿದ್ದೋಳು. ಅವಳು ಇಲ್ಲ ಅಂತ ಅವರೇನು ಆ ಹುಡುಗನ್ನ ಮೂಗ ಮಾಡಲ್ಲ, ಇನ್ಯಾರನ್ನೋ ನಿಲ್ಲಿಸಿರ್ತಾರೆ. ಯಾರು ಅಂತ ನಾನು ಕೇಳಲ್ಲ. ಎಲ್ಲೀವರೆಗೆ ಇವಳು, ಅಷ್ಟು ಹೇಳು. ಆಸ್ಪತ್ರೆಲಿ ಅವಳ ಕೊನೇ ಮಾತು ನನಗೆ ಸಿಗಲಿಲ್ಲ. ಇಲ್ಲಾದ್ರೂ ಸಿಗ್ಲಿ. ಆವತ್ತು ಕೇಳ್ತೀನಿ, ಕೇಳಿ ಟೀವಿ ಆರಿಸ್ತೀನಿ, ಶಿಲುಬೆ ಎತ್ತುತೀನಿ. ಆಮೇಲೆ ಆ ಡಬ್ಬಿನ ಮುಟ್ಟಲ್ಲ."

ದೆಲ್ಫಿನಾ ಬಾಯಿ ತೆರೆಯಲಿಲ್ಲ. ಯಾವ ದನಿ ಬರುತ್ತದೋ ಎಂಬ ಹೆದರಿಕೆ. ತಲೆಯಾಡಿಸಿದಳು. ಮುದುಕಿಗೆ ಅಷ್ಟು ಸಾಕಾಯಿತು.

ಹೇಳಿದರೆ ಕೆಲಸ ಹೋಗುತ್ತದೆ, ಅದು ಗೊತ್ತಿತ್ತು. ಹೇಳದಿದ್ದರೆ ಏನು ಹೋಗುತ್ತದೆ ಎಂಬುದೂ ಈಗ ಗೊತ್ತಾಗಿತ್ತು. ಮರುವಾರ ದೋನ್ ಅಬುಂದಿಯೋ ಊಟಕ್ಕೆ ಹೋದಾಗ ಅವಳು ಫಿದೆನ್ಸಿಯೋನ ಹತ್ತಿರ ಹಾಳೆ ಕೇಳಿದಳು. ಪ್ರತಿ ಕಂತಿಗೂ ಒಂದು ಹಾಳೆ ಇರುತ್ತದೆ, ಯಾವ ತುಣುಕಿನ ಮಾತು ಯಾರದು ಎಂದು ಬರೆದದ್ದು. ಅವನು ಹಾಳೆ ತೆಗೆಯುವ ಮೊದಲು ಯಾಕೆ ಎಂದು ಕೇಳಿದ. ಅವಳು ಹೇಳಿದಳು. ಮಾಲೀಕನಿಗೆ ಗೊತ್ತಾದರೆ ಇಬ್ಬರಿಗೂ ಕುತ್ತು ಎಂದು ಗೊಣಗುತ್ತಲೇ ಬೀರು ತೆಗೆದ.

ನಲವತ್ತನೇ ಕಂತಿನ ಹಾಳೆಯಲ್ಲಿ ನೀಲೋನ ಮಾತಿನ ಎದುರು ಮೇಲಿನಿಂದ ಕೆಳಗಿನ ತನಕ ಒತಿಲಿಯಾಳ ಹೆಸರಿನ ಮೊದಲ ಅಕ್ಷರ. ಕೊನೆಯ ಎರಡು ತುಣುಕು, ಎಂಬತ್ಮೂರು ಮತ್ತು ಎಂಬತ್ನಾಲ್ಕು, ಎರಡೂ ಅವಳವೇ. ಅವನ್ನು ತೆಗೆದ ದಿನ ಅವಳು ಕೆಮ್ಮು ತಡೆದುಕೊಂಡು ಹನ್ನೊಂದು ಸಲ ಹೇಳಿದ್ದು ದೆಲ್ಫಿನಾಳಿಗೆ ನೆನಪಿತ್ತು. ನಲವತ್ತೊಂದರ ಹಾಳೆಯಲ್ಲಿ ಮೊದಲ ಸಾಲಿನಿಂದಲೇ ದೆಲ್ಫಿನಾ. ಇಷ್ಟು ಸ್ಪಷ್ಟವಾಗಿ ಗೆರೆ ಎಳೆದಿದ್ದು ಕಂಡು ಅವಳಿಗೆ ಎದೆ ಹಗುರಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದರು. ಮಾರ್ಚ್ ಹದಿನೈದು, ಗುರುವಾರ. ಅಳುವಿನ ಹಾಳೆ ಬೇರೆ ಪ್ಯಾಡಿನಲ್ಲಿ ಇರುತ್ತದೆ. ಅದನ್ನು ತೆಗೆದು ನೋಡಬೇಕು ಎಂದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಆ ಕಸುಬಿನವರು ಅಳುವನ್ನು ಮಾತಿನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ದೆಲ್ಫಿನಾ ಹೇಳಿಕಳಿಸಿದ ಆ ಗುರುವಾರದ ತನಕ ಸುಣ್ಣದ ಶಿಲುಬೆ ನೆಲದಲ್ಲೇ ಇತ್ತು. ದೋನ್ಯಾ ಹಸಿಂತಾ ಅದರ ಅಂಚಿಗೆ ಒಲೆಯ ಇಟ್ಟಿಗೆಗಳನ್ನಿಟ್ಟು ಗಾಳಿ ತಡೆದಿದ್ದಳು. ಗುಡಿಸುವಾಗ ಸುತ್ತ ಬಳಸಿ ಗುಡಿಸುತ್ತಿದ್ದಳು. ಸಂಜೆ ಐದಕ್ಕೆ ವಠಾರದ ಮಕ್ಕಳು ಬಂದು ಅದರ ಎರಡೂ ಬದಿಗೆ ಕಾಲು ಮಡಚಿ ಕೂರುತ್ತಿದ್ದವು. ತಮ್ಮ ಮನೆಯಲ್ಲಿ ಟೀವಿ ಇದ್ದವೂ ಅಲ್ಲಿಗೇ ಬರುತ್ತಿದ್ದವು, ನೀಲೋನ ಮನೆ ಅದು ಅನ್ನುವ ಹಾಗೆ. ಒತಿಲಿಯಾ ಟೀವಿಯಲ್ಲಿ ಏನೋ ಹೇಳಿದಾಗ ಮುದುಕಿ ಒಲೆಯ ಹತ್ತಿರದಿಂದ ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ಚಳಿ ಅಂದರೆ, ಸ್ವೆಟರ್ ಹಾಕ್ಕೋ ಅಂದೆನಲ್ಲ ಅನ್ನುತ್ತಿದ್ದಳು. ಮೊದಮೊದಲು ಮಕ್ಕಳು ನಕ್ಕವು. ಆಮೇಲೆ ಒಂದು ಹುಡುಗಿ, ಅಜ್ಜಿ ಮಾತಾಡಿದ್ದಕ್ಕೆ ನೀಲೋ ಯಾಕೆ ತಿರುಗಿ ನೋಡಿದ ಎಂದು ಕೇಳಿತು. ಅವತ್ತಿನಿಂದ ಯಾವ ಮಗುವೂ ನಗಲಿಲ್ಲ.

ಗುರುವಾರ ದೆಲ್ಫಿನಾ ಹಲ್ಲುನೋವು ಎಂದು ಸುಳ್ಳು ಹೇಳಿ ಮಧ್ಯಾಹ್ನವೇ ಹೊರಟಳು. ಅವಳು ಹೋಗುವಷ್ಟರಲ್ಲಿ ತ್ರಾನ್ಸಿತೋ ಇಬ್ಬರು ಹೆಂಗಸರೊಂದಿಗೆ ಬಂದು ಕೂತಿದ್ದಳು. ನಾಲ್ಕು ಮೇಣದ ಬತ್ತಿ, ಬಿಳಿ ಹೂವು, ಸುಣ್ಣ ತುಂಬಲು ಒತಿಲಿಯಾಳ ಚಪ್ಪಲಿ ಬಂದಿದ್ದ ರಟ್ಟಿನ ಪೆಟ್ಟಿಗೆ. ದೋನ್ಯಾ ಹಸಿಂತಾ ತಲೆ ಬಾಚಿ ಕರಿ ಶಾಲು ಹೊದ್ದು, ಪರದೆಗೆ ಹತ್ತಿರವಾಗಿ ಕುರ್ಚಿ ಹಾಕಿಕೊಂಡಿದ್ದಳು. ಟೀವಿಯನ್ನು ಹತ್ತು ನಿಮಿಷ ಮೊದಲೇ ಹಚ್ಚಿದ್ದಳು. ಹಳೇ ಪೆಟ್ಟಿಗೆ ಅದು. ಒಳಗಿನ ಗಾಜಿನ ಬುರುಡೆಗಳು ಕಾದು ಬಿಸಿಯಾಗಬೇಕು, ಮೊದಲು ಸದ್ದು ಬರುತ್ತದೆ, ಆಮೇಲೆ ಎಷ್ಟೋ ಹೊತ್ತಿಗೆ ಮುಖ. ಪಕ್ಕದಲ್ಲಿ ಇನ್ನೊಂದು ಕುರ್ಚಿ ದೆಲ್ಫಿನಾಳಿಗೆ.

"ಯಾವುದು ಕೊನೇದು ಅಂತ ಹೇಳ್ತೀಯಲ್ಲ?"

"ಇವತ್ತು ಪೂರ್ತಿ ಅವಳೇ ದೋನ್ಯಾ. ಮುಗಿಯೋ ತನಕ ಕೇಳಿ."

ಕಂತು ಶುರುವಾಯಿತು. ಅಣ್ಣ ಇದ್ದಾನೆಂದು ಯಾರೋ ಹೇಳಿದ ಹಡಗು ದೂರದಲ್ಲಿ ಕಾಣಿಸುತ್ತದೆ. ನೀಲೋ ಮಂಜುಗಡ್ಡೆಯ ಮೇಲೆ ಓಡುತ್ತಾನೆ, ಒಕ್ಕಣ್ಣಿನ ಸೀಲು ಹಿಂದೆ ತೆವಳುತ್ತದೆ. ನಿಲ್ಲಿ, ನಿಲ್ಲಿ, ನಾನು ಬಂದೆ ಎಂದು ಒತಿಲಿಯಾ ಕೂಗಿದಳು. ಮುದುಕಿ ಸೆರಗು ಹಿಡಿದ ಹಾಗೆ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಹಡಗು ನಿಲ್ಲಲಿಲ್ಲ. ಹುಡುಗ ಮಂಡಿಯೂರಿದ. ಮುಖ ಪರದೆಯ ತುಂಬ ದೊಡ್ಡದಾಯಿತು, ಕಣ್ಣಿನಲ್ಲಿ ನೀರು ತುಂಬಿತು, ಬಾಯಿ ತೆರೆಯಿತು.

ಆ ಮುಖ ದೆಲ್ಫಿನಾಳಿಗೆ ಗೊತ್ತಿತ್ತು. ಅಳು ಹೊರಟಿತು. ಹುಡುಗ ಬಾಯಿ ಮುಚ್ಚಿದ. ಅಳು ಮಾತ್ರ ಅವನ ಬಾಯಿ ದಾಟಿ, ಖಾಲಿ ಸಮುದ್ರದ ಮೇಲೆ ಇನ್ನೂ ಒಂದು ಗಳಿಗೆ ಉಳಿದುಕೊಂಡಿತು. ಫಿದೆನ್ಸಿಯೋ ಅದನ್ನು ಕತ್ತರಿಸಿರಲಿಲ್ಲ. ಅದು ಆ ಸೋಮವಾರ ದೆಲ್ಫಿನಾ ಅತ್ತ ಅಳು.

 ದೋನ್ಯಾ ಹಸಿಂತಾಳ ಕೆನ್ನೆಯಿಂದ ನೀರು ಇಳಿಯುತ್ತಿತ್ತು, ಮುಖ ಮಾತ್ರ ಎಷ್ಟೋ ದಿನದ ಮೇಲೆ ಸಡಿಲವಾಗಿತ್ತು.

"ಇದೇ," ಅಂದಳು. "ಕೇಳಿದ್ಯಾ? ಆರು ವರ್ಷದೋಳಿದ್ದಾಗ ಅವಳಪ್ಪ ಬಸ್ ಹತ್ತಿ ಉತ್ತರಕ್ಕೆ ಹೋದ್ನಲ್ಲ, ಅವತ್ತು ಹಿಂಗೇ ಅತ್ತಿದ್ದು. ಬಸ್ ಹೋದ್ಮೇಲೂ ನಿಲ್ಲಿಸ್ಲಿಲ್ಲ. ಇದನ್ನ ಕೇಳೋಕೇ ನಾನು ಕೂತಿದ್ದೆ. ಇನ್ನೇನೂ ಬೇಡ."

ಎದ್ದು ಹೋಗಿ ಟೀವಿ ಆರಿಸಿದಳು. ಬೆಳಕು ಕುಗ್ಗಿ ಚುಕ್ಕೆಯಾಗಿ ಹೋಯಿತು. ಮಕ್ಕಳು ಒಟ್ಟಿಗೆ ನರಳಿ, ತ್ರಾನ್ಸಿತೋಳ ಕಣ್ಣು ನೋಡಿ ಸುಮ್ಮನಾಗಿ, ಒಂದೊಂದೇ ಎದ್ದು ಶಿಲುಬೆಯನ್ನು ಬಳಸಿ ಬಾಗಿಲ ಕಡೆ ಓಡಿದವು. ಪಕ್ಕದ ಮನೆಗಳಲ್ಲಿ ಕಂತು ಇನ್ನೂ ನಡೆಯುತ್ತಿತ್ತಲ್ಲ.

ದೆಲ್ಫಿನಾ ಕುರ್ಚಿಯಲ್ಲೇ ಇದ್ದಳು. ಇನ್ನೂ ಏಳೆಂಟು ನಿಮಿಷ ಇದೆ ಎಂದು ಅವಳಿಗೆ ಗೊತ್ತು. ಎಂಬತ್ಮೂರು, ಎಂಬತ್ನಾಲ್ಕು ಇನ್ನೂ ಬರಬೇಕು. ಹೇಳಬೇಕು. ಏನೆಂದು ಹೇಳುವುದು? ಈಗ ನೀವು ಎದೆಗೆ ಹಚ್ಚಿಕೊಂಡದ್ದು ಅವಳಲ್ಲ, ನಾನು ಎಂದೇ? ಮುದುಕಿಯ ಮುಖ ನೋಡಿದಳು. ತ್ರಾನ್ಸಿತೋ ಆಗಲೇ ಬತ್ತಿ ಹಚ್ಚಿ, ಹೋಗು ಆತ್ಮವೇ, ಹೊರಡು ಎಂದು ಗಂಟಲೆತ್ತಿ ಶುರು ಮಾಡಿದ್ದಳು. ದೋನ್ಯಾ ಹಸಿಂತಾ ಮೊಣಕಾಲೂರಿ, ಎರಡೂ ಅಂಗೈ ಕೂಡಿಸಿ, ಶಿಲುಬೆಯ ತಲೆಯ ಸುಣ್ಣವನ್ನು ಬಾಚಿ ಪೆಟ್ಟಿಗೆಗೆ ಹಾಕಿದಳು. ಬಲತೋಳಿಗೆ ಬಂದಳು.

ದೆಲ್ಫಿನಾ ತಡೆಯಲಾರದೆ ಎದ್ದು ಟೀವಿಯ ಗುಂಡಿ ತಿರುಗಿಸಿದಳು.

ತ್ರಾನ್ಸಿತೋ ಪ್ರಾರ್ಥನೆ ನಿಲ್ಲಿಸಿ ದುರುಗುಟ್ಟಿದಳು. ಪೆಟ್ಟಿಗೆ ಗುಂಯ್ ಅಂದಿತು, ಪರದೆ ಕಪ್ಪಾಗಿಯೇ ಇತ್ತು. ಬುರುಡೆ ಕಾಯಲು ಎಷ್ಟು ಹೊತ್ತು ಹಿಡಿಯಿತೋ. ದೆಲ್ಫಿನಾ ಟೀವಿಯ ತಲೆಯ ಮೇಲೆ ಕೈಯಿಟ್ಟು ಕಾದಳು. ಎಡತೋಳಿನ ಸುಣ್ಣವೂ ಪೆಟ್ಟಿಗೆಗೆ ಹೋಯಿತು. ಆಮೇಲೆ ಆ ಕತ್ತಲೊಳಗಿಂದ, ಮುಖವಿಲ್ಲದೆ, ಒತಿಲಿಯಾ ಮಾತಾಡಿದಳು. ಕಟ್ಟಿದ ದನಿ, ಕೆಮ್ಮನ್ನು ಹಿಂದಕ್ಕೆ ನುಂಗಿದ ದನಿ. ಅಳೋದು ಮುಗೀತು, ಇನ್ನು ಅಳಲ್ಲ, ನೋಡು ನನ್ನ ಮುಖ ಒಣಗಿದೆ ಎಂದು ಸೀಲಿಗೆ ಹೇಳುತ್ತಿದ್ದಳು. ಎಂಬತ್ಮೂರನೇ ತುಣುಕು.

ಮುದುಕಿ ಕೈಯಲ್ಲಿ ಸುಣ್ಣ ಹಿಡಿದುಕೊಂಡೇ ತಲೆ ಓರೆ ಮಾಡಿ ಕೇಳಿದಳು. ಪೂರ್ತಿ ಕೇಳಿದಳು. 

"ಇದು ನೀನು," ಅಂದಳು ದೋನ್ಯಾ ಹಸಿಂತಾ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನನ್ನೇ ನಿಲ್ಲಿಸಿರ್ತಾರೆ ಅಂತ ಅನ್ಕೊಂಡಿದ್ದೆ. ಚೆನ್ನಾಗೇ ಮಾಡ್ತೀಯ ಮಗಾ, ಅವಳ ಥರಾನೇ. ಆದ್ರೆ ಹೆತ್ತೋಳಿಗೆ ಗೊತ್ತಾಗತ್ತೆ. ಇದ್ರೊಳಗೆ ಯಾರೂ ಇಲ್ಲ."

ಸುಣ್ಣ ಬೆರಳ ಸಂದಿಯಿಂದ ಸಣ್ಣಗೆ ಉದುರುತ್ತಿತ್ತು. 

"ಹೌದು ದೋನ್ಯಾ," ಅಂದಳು ದೆಲ್ಫಿನಾ. "ನಾನೇ."

ಗುಂಡಿ ತಿರುಗಿಸಿ ಆರಿಸಿದಳು. ಬಂದು ಮುದುಕಿಯ ಪಕ್ಕ ಮೊಣಕಾಲೂರಿ ಪೆಟ್ಟಿಗೆ ಹಿಡಿದಳು. ಇನ್ನು ಉಳಿದದ್ದು ಶಿಲುಬೆಯ ಕಾಲು, ಗೇಣುದ್ದ. ತ್ರಾನ್ಸಿತೋ ಬಿಟ್ಟ ಕಡೆಯಿಂದ ಹಿಡಿದಳು: ಹೋಗು ಆತ್ಮವೇ, ಹೊರಡು, ಈ ಮನೆ ನಿನ್ನದಲ್ಲ. ಹೆಂಗಸರು ದನಿಗೂಡಿಸಿದರು. ಪ್ರಾರ್ಥನೆಯ ಸಾಲುಗಳ ನಡುವಿನ ಸಂದಿಯಲ್ಲಿ, ಅಂಗಳದ ಆಚೆಯಿಂದ, ತೆರೆದಿಟ್ಟ ಬಾಗಿಲುಗಳಿಂದ, ಒಂದು ಮನೆಯದು ಸ್ವಲ್ಪ ಮುಂದೆ, ಇನ್ನೊಂದರದು ಸ್ವಲ್ಪ ಹಿಂದೆ ಇರುವ ಹಾಗೆ ಪ್ರತಿಧ್ವನಿಸುತ್ತ, ಎಂಬತ್ನಾಲ್ಕನೇ ತುಣುಕು ಶುರುವಾಯಿತು. ನೀನು ಇಲ್ಲೇ ಇರು, ಅನ್ನುತ್ತಿದ್ದಳು ಒತಿಲಿಯಾ, ಹತ್ತು ಮನೆಗಳಿಂದ ಒಂದೇ ಸಲಕ್ಕೆ. ನನಗೋಸ್ಕರ ಚಳಿಲಿ ಕಾಯಬೇಡ. ನಾನು ಹೋಗಿ—

"ಮಗಾ, ಆ ಬಾಗಿಲು ಹಾಕ್ಬಾ," ಅಂದಳು ದೋನ್ಯಾ ಹಸಿಂತಾ, ತಲೆ ಎತ್ತದೆ, ಕೊನೆಯ ಸುಣ್ಣವನ್ನು ಬೆರಳಿನಿಂದ ಒಟ್ಟು ಮಾಡುತ್ತ. "ಪಕ್ಕದ ಮನೆಗಳದ್ದು ಒಂದೇ ಗಲಾಟೆ."

ದೆಲ್ಫಿನಾ ಎದ್ದು ಹೋಗಿ ಬಾಗಿಲು ಹಾಕಿದಳು.